ತಲೆಯೊಳಗಿನ ರಕ್ತನಾಳದ ಉಬ್ಬು: ಬೆಳಗಾಗುವವರೆಗೆ ಕಾಯಬೇಡಿ



ಈ ಅಂಕಣದಲ್ಲಿ ಸಾಮಾನ್ಯವಾಗಿ ಶುಂಠಿಯ ಕೊಳೆರೋಗ, ದನಗಳ ಕಾಲುಬಾಯಿ ಜ್ವರ, ಮಕ್ಕಳ ರಕ್ತಹೀನತೆ ಮುಂತಾದ ವಿಷಯಗಳನ್ನು ಓದುತ್ತಾ ಬಂದಿದ್ದೀರಿ. ಈ ಸಲ ತಲೆಯೊಳಗಿನ ಒಂದು ಕಾಯಿಲೆಯ ವಿಷಯ. ಇದರ ಹೆಸರು ನಮ್ಮಲ್ಲಿ ಅನೇಕರಿಗೆ ಹೊಸದು. ಆದರೆ ಇದು ನಮ್ಮ ಊರಿಗೂ ಬಂದಿದೆ. ಬಂದಾಗ ನಾನು ಮಾಡಿದ ಒಂದು ತಪ್ಪನ್ನು ಮೊದಲು ಹೇಳಿ ಮುಂದುವರಿಯುತ್ತೇನೆ.

ಕೆಲವು ವರ್ಷಗಳ ಹಿಂದೆ ಒಂದು ಸಂಜೆ ಏಳೂವರೆ ಗಂಟೆಗೆ ಒಬ್ಬ ಹುಡುಗ ಓಡಿ ಬಂದು, "ಫಾದರ್, ಅವ್ವನಿಗೆ ತಲೆ ಸಿಡಿದು ಹೋಗುವ ಹಾಗೆ ನೋವಂತೆ. ಹಾಲು ಕರೆಯುತ್ತಿದ್ದವರು ಹಾಗೇ ಕುಳಿತುಬಿಟ್ಟರು. ಎರಡು ಸಲ ವಾಂತಿಯಾಯಿತು" ಎಂದ. ಆ ದಿನ ಮಧ್ಯಾಹ್ನ ಆ ತಾಯಿ ಬಿಸಿಲಿನಲ್ಲಿ ದನ ಅಟ್ಟಿಕೊಂಡು ತುಂಬಾ ದೂರ ಹೋಗಿದ್ದರು. ಬಿಸಿಲು ಬಡಿದಿದೆ, ಪಿತ್ತ ಕೆರಳಿದೆ ಎಂದು ಎಲ್ಲರೂ ಹೇಳಿದರು. ನನಗೂ ಹಾಗೆಯೇ ತೋರಿತು. ಕತ್ತಲಾಗಿತ್ತು, ದಾರಿಯಲ್ಲಿ ಆನೆ ಇದೆ ಎಂದು ಸುದ್ದಿ ಇತ್ತು. "ಮಾತ್ರೆ ಕೊಟ್ಟು ಮಲಗಿಸಿ, ಬೆಳಿಗ್ಗೆ ನಾನೇ ಜೀಪಿನಲ್ಲಿ ಕರೆದುಕೊಂಡು ಹೋಗುತ್ತೇನೆ" ಎಂದು ಹೇಳಿ ಕಳುಹಿಸಿದೆ.

ಬೆಳಿಗ್ಗೆ ಆರಕ್ಕೆ ಹೋದಾಗ ಆ ತಾಯಿಗೆ ಸರಿಯಾದ ಪ್ರಜ್ಞೆ ಇರಲಿಲ್ಲ. ಕುತ್ತಿಗೆ ಬಿಗಿದುಕೊಂಡಿತ್ತು. ಘಟ್ಟ ಹತ್ತಿ ಊಟಿಗೆ, ಅಲ್ಲಿಂದ ಕೊಯಮತ್ತೂರಿಗೆ ಸೇರುವಷ್ಟರಲ್ಲಿ ಮಧ್ಯಾಹ್ನವಾಯಿತು. ಮಿದುಳಿನ ರಕ್ತನಾಳದ ಉಬ್ಬು ಒಡೆದಿದೆ, ಎರಡು ಸಲ ರಕ್ತ ಸೋರಿರುವಂತಿದೆ ಎಂದು ವೈದ್ಯರು ಹೇಳಿದರು. ಆಪರೇಷನ್ ಆಯಿತು, ತಾಯಿ ಬದುಕಿದರು. ಇಂದಿಗೂ ನಮ್ಮ ನಡುವೆ ಇದ್ದಾರೆ. ಆದರೆ ಎಡಗೈಗೆ ಹಿಡಿತವಿಲ್ಲ, ಹಾಲು ಕರೆಯಲಾರರು. ರಾತ್ರಿಯೇ ಹೊರಟಿದ್ದರೆ ಆ ಕೈ ಉಳಿಯುತ್ತಿತ್ತೇ ಎಂದು ವೈದ್ಯರನ್ನು ಕೇಳಿದೆ. "ಹೇಳುವುದು ಕಷ್ಟ, ಆದರೆ ಮುಂದೆ ಯಾರಿಗಾದರೂ ಹೀಗಾದರೆ ಕಾಯಬೇಡಿ" ಎಂದರು. ಆ ಮಾತನ್ನು ನಿಮಗೆ ತಲುಪಿಸುವುದಕ್ಕಾಗಿ ಈ ಲೇಖನ.

ಉಬ್ಬು ಎಂದರೇನು?

ಮರವಕಂಡಿ ಅಣೆಕಟ್ಟಿನ ನೀರು ದೊಡ್ಡ ಕೊಳವೆಗಳಲ್ಲಿ ಇಳಿದು ನಮ್ಮ ಮೋಯಾರ್ ವಿದ್ಯುತ್ ಮನೆಗೆ ಸೇರುವುದನ್ನು ನೀವೆಲ್ಲ ಬಲ್ಲಿರಿ. ನೀರಿನ ಒತ್ತಡ ಯಾವಾಗಲೂ ಕೊಳವೆಯ ಗೋಡೆಯ ಮೇಲೆ ಬೀಳುತ್ತಿರುತ್ತದೆ. ಮಿದುಳಿನ ರಕ್ತನಾಳಗಳೂ ಹಾಗೆಯೇ. ಒಂದು ನಾಳ ಎರಡಾಗಿ ಕವಲೊಡೆಯುವ ಜಾಗದಲ್ಲಿ ರಕ್ತ ರಭಸದಿಂದ ಬಡಿಯುತ್ತದೆ. ಅಲ್ಲಿ ಗೋಡೆ ತೆಳುವಾಗಿದ್ದರೆ ಹಳೆಯ ಸೈಕಲ್ ಟ್ಯೂಬ್ ಒಂದು ಕಡೆ ಗುಳ್ಳೆಯಂತೆ ಉಬ್ಬಿಕೊಳ್ಳುವ ಹಾಗೆ ನಾಳವೂ ಉಬ್ಬಿಕೊಳ್ಳುತ್ತದೆ. ಇದಕ್ಕೆ ವೈದ್ಯರು ಅನ್ಯೂರಿಸಮ್ ಎನ್ನುತ್ತಾರೆ. ಇದು ಗಡ್ಡೆಯೂ ಅಲ್ಲ, ಕ್ಯಾನ್ಸರೂ ಅಲ್ಲ, ಅಂಟುವ ರೋಗವೂ ಅಲ್ಲ. ಮಾಟ, ದೃಷ್ಟಿ, ಪಾಪದ ಫಲ ಇವು ಯಾವುವೂ ಇದಕ್ಕೆ ಕಾರಣವಲ್ಲ.

ವಯಸ್ಕರಲ್ಲಿ ನೂರಕ್ಕೆ ಸುಮಾರು 3 ಜನರ ತಲೆಯಲ್ಲಿ ಇಂಥ ಉಬ್ಬು ಇರುತ್ತದೆ ಎಂದು ಲೆಕ್ಕ ಹಾಕಲಾಗಿದೆ. ಅವರಲ್ಲಿ ಹೆಚ್ಚಿನವರಿಗೆ ಅದು ಇರುವುದೇ ತಿಳಿಯುವುದಿಲ್ಲ. ಜೀವಮಾನವಿಡೀ ಒಡೆಯದೆ ಹಾಗೆಯೇ ಇರುತ್ತದೆ. ಕೆಲವರಲ್ಲಿ ಮಾತ್ರ ಅದು ಒಡೆದು, ಮಿದುಳಿನ ಸುತ್ತಲಿನ ಪೊರೆಗಳ ನಡುವೆ ರಕ್ತ ಸೋರುತ್ತದೆ. ಹೀಗೆ ಒಡೆದವರಲ್ಲಿ ಮೂವರಿಗೆ ಒಬ್ಬರಾದರೂ ತೀರಿಕೊಳ್ಳುತ್ತಾರೆ. ಕೆಲವರು ಆಸ್ಪತ್ರೆ ತಲುಪುವುದಕ್ಕೆ ಮೊದಲೇ ಹೋಗಿಬಿಡುತ್ತಾರೆ. ಆದ್ದರಿಂದ ಹೆದರಬೇಕಾದದ್ದು ಉಬ್ಬಿಗಿಂತ ಹೆಚ್ಚಾಗಿ ಅದು ಒಡೆದ ಮೇಲೆ ಮಾಡುವ ತಡಕ್ಕೆ.

ಯಾರಿಗೆ ಅಪಾಯ ಹೆಚ್ಚು?

1. ಬೀಡಿ, ಸಿಗರೇಟು ಸೇದುವವರಿಗೆ. ಉಬ್ಬು ಹುಟ್ಟುವುದಕ್ಕೂ ಒಡೆಯುವುದಕ್ಕೂ ಹೊಗೆ ಸಹಾಯ ಮಾಡುತ್ತದೆ.
2. ರಕ್ತದ ಒತ್ತಡ, ಅಂದರೆ ಬಿ.ಪಿ. ಹೆಚ್ಚಿದ್ದು ಮಾತ್ರೆ ತೆಗೆದುಕೊಳ್ಳದವರಿಗೆ.
3. ಮಿತಿಮೀರಿ ಸಾರಾಯಿ ಕುಡಿಯುವವರಿಗೆ.
4. ತಂದೆ, ತಾಯಿ, ಅಣ್ಣತಮ್ಮ, ಅಕ್ಕತಂಗಿ, ಮಕ್ಕಳು ಇವರಲ್ಲಿ ಇಬ್ಬರಿಗೆ ಅಥವಾ ಹೆಚ್ಚು ಜನರಿಗೆ ಈ ಕಾಯಿಲೆ ಬಂದಿರುವ ಮನೆಯವರಿಗೆ.
5. ಮೂತ್ರಪಿಂಡದಲ್ಲಿ ನೀರುಗುಳ್ಳೆಗಳಾಗುವ ವಂಶದ ಕಾಯಿಲೆ ಇರುವವರಿಗೆ.

ಗಂಡಸರಿಗಿಂತ ಹೆಂಗಸರಲ್ಲಿ ಇದು ಹೆಚ್ಚು. ನಲವತ್ತು ದಾಟಿದವರಲ್ಲಿ ಹೆಚ್ಚಾಗಿ ಕಾಣುತ್ತದೆ. ಮನೆಯ ಹೆಂಗಸಿನ ತಲೆನೋವನ್ನು "ಅವಳಿಗೆ ಯಾವಾಗಲೂ ಇದ್ದದ್ದೇ" ಎಂದು ತಳ್ಳಿಹಾಕುವ ನಮ್ಮ ಅಭ್ಯಾಸ ಇಲ್ಲಿ ತುಂಬಾ ಅಪಾಯಕಾರಿ.

ಈ ತಲೆನೋವನ್ನು ಗುರುತಿಸುವುದು ಹೇಗೆ?

ತಲೆನೋವು ಬಾರದ ಮನುಷ್ಯನಿಲ್ಲ. ಬಿಸಿಲು, ಹಸಿವು, ನಿದ್ದೆಗೇಡು, ಶೀತ ಇವುಗಳಿಂದ ಬರುವ ನೋವು ಮೆಲ್ಲಗೆ ಏರುತ್ತದೆ, ಮೆಲ್ಲಗೆ ಇಳಿಯುತ್ತದೆ. ಉಬ್ಬು ಒಡೆದಾಗಿನ ನೋವು ಹಾಗಲ್ಲ. ಸಿಡಿಲು ಬಡಿದಂತೆ ಒಂದೇ ಕ್ಷಣದಲ್ಲಿ, ಹೆಚ್ಚೆಂದರೆ ಒಂದು ನಿಮಿಷದೊಳಗೆ, ತುತ್ತತುದಿಗೆ ಏರಿಬಿಡುತ್ತದೆ. "ಹುಟ್ಟಿದಾಗಿನಿಂದ ಇಂಥ ನೋವು ಕಂಡಿಲ್ಲ" ಎಂದು ರೋಗಿಯೇ ಹೇಳುತ್ತಾನೆ. ನೋವು ಶುರುವಾದಾಗ ತಾನು ಏನು ಮಾಡುತ್ತಿದ್ದೆ ಎಂಬುದೂ ಅವನಿಗೆ ನೆನಪಿರುತ್ತದೆ. ಅದರ ಜೊತೆಗೆ ಕೆಳಗಿನವುಗಳಲ್ಲಿ ಒಂದೋ ಎರಡೋ ಇರಬಹುದು:

- ವಾಂತಿ
- ಕುತ್ತಿಗೆ ಬಿಗಿಯುವುದು, ಬೆಳಕು ಕಂಡರೆ ಕಣ್ಣು ಮುಚ್ಚಿಕೊಳ್ಳುವುದು
- ಸ್ವಲ್ಪ ಹೊತ್ತು ಎಚ್ಚರ ತಪ್ಪುವುದು, ಮಂಪರು, ತಡಬಡಿಸುವ ಮಾತು
- ಫಿಟ್ಸ್ ಬರುವುದು
- ಕೈಕಾಲಿನ ಶಕ್ತಿ ಕುಂದುವುದು, ಬಾಯಿ ಸೊಟ್ಟಗಾಗುವುದು
- ಒಂದು ಕಣ್ಣಿನ ರೆಪ್ಪೆ ಜೋತುಬೀಳುವುದು, ಒಂದೇ ವಸ್ತು ಎರಡಾಗಿ ಕಾಣುವುದು

ಕೊನೆಯದನ್ನು ವಿಶೇಷವಾಗಿ ನೆನಪಿಡಿ. ಉಬ್ಬು ಒಡೆಯುವ ಮೊದಲೇ ಕಣ್ಣಿನ ನರವನ್ನು ಒತ್ತುತ್ತಿದ್ದರೆ ಹೀಗಾಗಬಹುದು. ತಲೆನೋವಿನ ಜೊತೆ ರೆಪ್ಪೆ ಇಳಿದರೆ ಕನ್ನಡಕದ ಅಂಗಡಿಗೆ ಹೋಗಬೇಡಿ, ನೇರವಾಗಿ ದೊಡ್ಡ ಆಸ್ಪತ್ರೆಗೆ ಹೋಗಿ.

ಇನ್ನೊಂದು ಎಚ್ಚರಿಕೆ. ಕೆಲವರಿಗೆ ಮೊದಲು ಸ್ವಲ್ಪವೇ ರಕ್ತ ಸೋರಿ, ಹಠಾತ್ತನೆ ಬಂದ ನೋವು ಒಂದೆರಡು ದಿನದಲ್ಲಿ ಕಡಿಮೆಯಾಗುತ್ತದೆ. ಗುಣವಾಯಿತೆಂದು ಹೊಲಕ್ಕೆ ಹೋಗುತ್ತಾರೆ. ಆಮೇಲೆ ದೊಡ್ಡದಾಗಿ ಒಡೆಯುತ್ತದೆ. ಸಿಡಿಲಿನಂತೆ ಬಂದ ನೋವು ಇಳಿದರೂ ಪರೀಕ್ಷೆ ಮಾಡಿಸಲೇಬೇಕು.

ತೋಟಕ್ಕೆ ಕೀಟನಾಶಕ ಹೊಡೆದು ಬಂದ ದಿನ ತಲೆನೋವು, ವಾಂತಿ ಬಂದರೆ "ಔಷಧಿಯ ವಾಸನೆ" ಎಂದು ಸುಮ್ಮನಾಗುವುದೂ ಉಂಟು. ವಿಷ ಏರಿದಾಗ ಸಾಮಾನ್ಯವಾಗಿ ಜೊಲ್ಲು ಸುರಿಯುವುದು, ಬೆವರುವುದು, ಕಣ್ಣಿನ ಪಾಪೆ ಚಿಕ್ಕದಾಗುವುದು, ಉಸಿರು ಕಟ್ಟುವುದು ಕಾಣುತ್ತದೆ. ಎರಡಕ್ಕೂ ಮನೆಮದ್ದು ಇಲ್ಲ. ಯಾವುದೆಂದು ನಾವು ತೀರ್ಮಾನಿಸುತ್ತಾ ಕೂರುವುದು ಬೇಡ, ಆಸ್ಪತ್ರೆಯಲ್ಲಿ ತೀರ್ಮಾನವಾಗಲಿ. ಯಾವ ಔಷಧಿ ಹೊಡೆದದ್ದು ಎಂದು ತೋರಿಸಲು ಅದರ ಡಬ್ಬಿಯನ್ನು ಜೊತೆಗೆ ಒಯ್ಯಿರಿ.

ನಮ್ಮ ಊರಿನಿಂದ ಹೊರಡುವ ಬಗೆ

108ಕ್ಕೆ ಫೋನ್ ಮಾಡಿ. ತಮಿಳುನಾಡಿನಲ್ಲಿ 2008ರಿಂದ ಈ ಉಚಿತ ಆಂಬುಲೆನ್ಸ್ ಸೇವೆ ಇದೆ. "ತಲೆನೋವು" ಎಂದಷ್ಟೇ ಹೇಳಬೇಡಿ. "ಹಠಾತ್ತನೆ ಬಂದ ಭಾರೀ ತಲೆನೋವು, ವಾಂತಿ, ಮಂಪರು, ಮಿದುಳಿನ ರಕ್ತಸ್ರಾವದ ಅನುಮಾನ" ಎಂದು ಹೇಳಿ. ಆಂಬುಲೆನ್ಸ್ ಬರಲು ತುಂಬಾ ತಡವೆಂದು ತಿಳಿದರೆ ಸಿಕ್ಕ ಜೀಪಿನಲ್ಲಿ ಹೊರಟು, ದಾರಿಯಲ್ಲಿ ಆಂಬುಲೆನ್ಸಿಗೆ ಬದಲಾಯಿಸಿಕೊಳ್ಳಬಹುದು.

ಮೊದಲ ಗುರಿ ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆ. ಮಸಿನಗುಡಿಯಿಂದ ಕಲ್ಲಟ್ಟಿ ಘಟ್ಟದ 36 ತಿರುವುಗಳನ್ನು ಹತ್ತಿದರೆ ಊಟಿ ಸುಮಾರು 30 ಕಿಲೋಮೀಟರ್. ಅಲ್ಲಿ ಈಗ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಇದೆ. ಅಲ್ಲಿಂದ ಮುಂದೆ ಕೊಯಮತ್ತೂರು. ಇನ್ನೊಂದು ದಾರಿ ತೆಪ್ಪಕಾಡು, ಬಂಡೀಪುರ, ಗುಂಡ್ಲುಪೇಟೆ ಮೂಲಕ ಮೈಸೂರು. ಬಂಡೀಪುರದ ರಸ್ತೆಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರ ನಿಷೇಧವಿದೆ, ಆದರೆ ಆಂಬುಲೆನ್ಸಿಗೆ ವಿನಾಯಿತಿ ಇದೆ. "ಗೇಟು ಮುಚ್ಚಿದೆ" ಎಂದು ರೋಗಿಯನ್ನು ಮನೆಯಲ್ಲಿ ಇಟ್ಟುಕೊಳ್ಳಬೇಕಾಗಿಲ್ಲ. ಯಾವ ದಾರಿ ಎಂಬುದನ್ನು ಆಂಬುಲೆನ್ಸಿನವರ ಮಾತಿನಂತೆ ನಿರ್ಧರಿಸಿ. ಮಿದುಳಿನ ಶಸ್ತ್ರಚಿಕಿತ್ಸಕರು ಇರುವ ಆಸ್ಪತ್ರೆಗೆ ಮೊದಲೇ ಫೋನ್ ಮಾಡಿಸಿದರೆ ಅಲೆದಾಟ ತಪ್ಪುತ್ತದೆ.

ದಾರಿಯಲ್ಲಿ ಮಾಡಬೇಕಾದದ್ದು: ತಲೆ ಸ್ವಲ್ಪ ಎತ್ತರವಾಗಿರುವಂತೆ ಮಲಗಿಸಿ. ವಾಂತಿ ಅಥವಾ ಮಂಪರು ಇದ್ದರೆ ಒಂದು ಮಗ್ಗುಲಿಗೆ ಮಲಗಿಸಿ. ನೋವು ಶುರುವಾದ ಸಮಯವನ್ನು ಬರೆದುಕೊಳ್ಳಿ. ತೆಗೆದುಕೊಳ್ಳುತ್ತಿದ್ದ ಮಾತ್ರೆಗಳ ಚೀಟಿ ಒಯ್ಯಿರಿ.

ಮಾಡಬಾರದ್ದು: ಆಸ್ಪಿರಿನ್ ಇರುವ ಮಾತ್ರೆ ಕೊಡಬೇಡಿ, ಅದು ರಕ್ತ ಹೆಪ್ಪುಗಟ್ಟುವುದನ್ನು ತಡೆಯುತ್ತದೆ. ಕಾಫಿ, ಕಷಾಯ, ನೀರು ಯಾವುದನ್ನೂ ಮಂಪರಿನಲ್ಲಿರುವವರ ಬಾಯಿಗೆ ಹಾಕಬೇಡಿ. ತಲೆಗೆ ಎಣ್ಣೆ ತಟ್ಟಿ ತಿಕ್ಕುವುದು, ಕುತ್ತಿಗೆ ತಿರುಗಿಸಿ ನೆಟಿಕೆ ತೆಗೆಯುವುದು ಬೇಡ.

ಗುರುಗಳನ್ನು ಕರೆಸಿ ಅಸ್ವಸ್ಥರ ಅಭ್ಯಂಗ ಮಾಡಿಸಬೇಕೆಂದು ಬಯಸುವವರಿಗೆ ಒಂದು ಮಾತು. ಅದಕ್ಕಾಗಿ ಗಾಡಿ ನಿಲ್ಲಿಸಬೇಡಿ. ಹೊರಟ ಮೇಲೆ ತಿಳಿಸಿ, ನಾನು ಹಿಂದೆಯೇ ಬರುತ್ತೇನೆ.

ಆಸ್ಪತ್ರೆಯಲ್ಲಿ ಏನಾಗುತ್ತದೆ?

ಮೊದಲು ಸಿ.ಟಿ. ಸ್ಕ್ಯಾನ್. ನೋವು ಬಂದ 6 ಗಂಟೆಯೊಳಗೆ ಮಾಡಿದರೆ ಸೋರಿದ ರಕ್ತ ಬಹುಮಟ್ಟಿಗೆ ತಪ್ಪದೆ ಕಾಣುತ್ತದೆ. ತಡವಾದಷ್ಟೂ ರಕ್ತ ಕರಗಿ ಕಾಣದೆ ಹೋಗಬಹುದು, ಆಗ ಬೆನ್ನುಹುರಿಯ ನೀರು ತೆಗೆದು ಪರೀಕ್ಷಿಸಬೇಕಾಗುತ್ತದೆ. ಬೆನ್ನಿಗೆ ಸೂಜಿ ಹಾಕಿದರೆ ಸೊಂಟ ಬಿದ್ದುಹೋಗುತ್ತದೆ ಎಂಬ ಮಾತು ನಿಜವಲ್ಲ. ಆಮೇಲೆ ರಕ್ತನಾಳಕ್ಕೆ ಬಣ್ಣದ ಔಷಧಿ ಬಿಟ್ಟು ಚಿತ್ರ ತೆಗೆಯುತ್ತಾರೆ. ಇದೇ ಆಂಜಿಯೋಗ್ರಾಮ್. ಉಬ್ಬು ಎಲ್ಲಿದೆ, ಎಷ್ಟು ದೊಡ್ಡದು, ಅದರ ಕತ್ತು ಅಗಲವೋ ಸಣ್ಣದೋ ಎಂದು ಇದರಿಂದ ತಿಳಿಯುತ್ತದೆ.

ಒಮ್ಮೆ ಒಡೆದ ಉಬ್ಬು ಮತ್ತೆ ಒಡೆಯುವ ಅಪಾಯ ಮೊದಲ 24 ಗಂಟೆಗಳಲ್ಲಿ ಅತಿ ಹೆಚ್ಚು. ಎರಡನೆಯ ಸಲ ಒಡೆದರೆ ಉಳಿಯುವುದು ಕಷ್ಟ. ಆದ್ದರಿಂದ ಸಾಧ್ಯವಾದಷ್ಟು ಬೇಗ ಅದನ್ನು ಮುಚ್ಚಬೇಕು. ಮುಚ್ಚುವುದಕ್ಕೆ ಎರಡು ಮುಖ್ಯ ವಿಧಾನಗಳಿವೆ.

ಮೊದಲನೆಯದು ಕ್ಲಿಪ್ ಹಾಕುವುದು. ತಲೆಬುರುಡೆಯ ಒಂದು ಭಾಗ ತೆರೆದು, ಉಬ್ಬಿನ ಕತ್ತಿಗೆ ಚಿಕ್ಕ ಲೋಹದ ಕ್ಲಿಪ್ ಹಾಕಿ, ರಕ್ತ ಒಳಗೆ ಹೋಗದಂತೆ ಮಾಡುತ್ತಾರೆ. ಅಮೆರಿಕದ ವಾಲ್ಟರ್ ಡ್ಯಾಂಡಿ ಎಂಬ ವೈದ್ಯರು 1937ರಲ್ಲಿ ಇದನ್ನು ಮೊದಲು ಮಾಡಿದರು.

ಎರಡನೆಯದು ಸುರುಳಿ ತುಂಬುವುದು. ತೊಡೆಯ ಸಂದಿನ ಅಥವಾ ಮಣಿಕಟ್ಟಿನ ರಕ್ತನಾಳದಿಂದ ಸಣ್ಣ ಕೊಳವೆಯನ್ನು ಮಿದುಳಿನವರೆಗೆ ತೂರಿಸಿ, ಉಬ್ಬಿನೊಳಗೆ ಕೂದಲಿನಂಥ ಪ್ಲಾಟಿನಂ ತಂತಿಯ ಸುರುಳಿಗಳನ್ನು ತುಂಬುತ್ತಾರೆ. ಅಲ್ಲಿ ರಕ್ತ ಹೆಪ್ಪುಗಟ್ಟಿ ಉಬ್ಬು ಮುಚ್ಚಿಹೋಗುತ್ತದೆ. ಗುಗ್ಲಿಯೆಲ್ಮಿ ಎಂಬ ಇಟಲಿಯ ವೈದ್ಯರು ರೂಪಿಸಿದ ಈ ಸುರುಳಿಗಳು 1990ರಿಂದ ಬಳಕೆಗೆ ಬಂದವು.

ಯಾವುದು ಒಳ್ಳೆಯದು? 2002ರಲ್ಲಿ ಪ್ರಕಟವಾದ, 2143 ರೋಗಿಗಳ ಒಂದು ದೊಡ್ಡ ಅಧ್ಯಯನದಲ್ಲಿ, ಎರಡೂ ವಿಧಾನಗಳಿಗೆ ಹೊಂದುವಂಥ ರೋಗಿಗಳನ್ನು ಹೋಲಿಸಿ ನೋಡಿದರು. ಒಂದು ವರ್ಷದ ನಂತರ ತೀರಿಕೊಂಡವರು ಅಥವಾ ಇತರರ ಆಸರೆಯಲ್ಲೇ ಬದುಕಬೇಕಾದವರು ಸುರುಳಿಯವರಲ್ಲಿ ನೂರಕ್ಕೆ ಸುಮಾರು 24, ಕ್ಲಿಪ್ಪಿನವರಲ್ಲಿ ಸುಮಾರು 31. ಆದರೆ ಸುರುಳಿ ತುಂಬಿದ ಉಬ್ಬು ಮತ್ತೆ ತೆರೆದುಕೊಳ್ಳುವ ಸಂಭವ ಸ್ವಲ್ಪ ಹೆಚ್ಚು, ಹೀಗಾಗಿ ಮತ್ತೆ ಮತ್ತೆ ಚಿತ್ರ ತೆಗೆಸಿ ನೋಡಬೇಕು. ಕೆಲವು ಉಬ್ಬುಗಳ ಆಕಾರಕ್ಕೆ ಕ್ಲಿಪ್ಪೇ ಸರಿ. ಇದು ವೈದ್ಯರು ನೋಡಿ ತೀರ್ಮಾನಿಸುವ ವಿಷಯ. "ಯಾಕೆ ಈ ವಿಧಾನ?" ಎಂದು ಕೇಳುವ ಹಕ್ಕು ಮಾತ್ರ ನಿಮಗಿದೆ.

ಆಪರೇಷನ್ ಮುಗಿದರೂ ಬೇಗ ಮನೆಗೆ ಕಳುಹಿಸುವುದಿಲ್ಲ. ಸೋರಿದ ರಕ್ತದ ಕಾರಣದಿಂದ 4ನೆಯ ದಿನದಿಂದ 14ನೆಯ ದಿನದವರೆಗೆ ಮಿದುಳಿನ ಇತರ ನಾಳಗಳು ಕುಗ್ಗಿಕೊಂಡು ಪಾರ್ಶ್ವವಾಯು ಆಗಬಹುದು. ಅದನ್ನು ತಡೆಯಲು ನಿಮೋಡಿಪಿನ್ ಎಂಬ ಮಾತ್ರೆಯನ್ನು ಸಾಮಾನ್ಯವಾಗಿ 21 ದಿನ ಕೊಡುತ್ತಾರೆ. ರೋಗಿ ಎದ್ದು ಕುಳಿತು ಮಾತಾಡುತ್ತಿದ್ದಾನೆ ಎಂದು ಹಠಮಾಡಿ ಬಿಡಿಸಿಕೊಂಡು ಬರಬೇಡಿ.

ಆಪರೇಷನ್ ಎಂದರೆ ಬದುಕು ಮುಗಿಯಿತು ಎಂದು ತಿಳಿಯುವವರಿದ್ದಾರೆ. 1988ರ ಫೆಬ್ರವರಿಯಲ್ಲಿ ಅಮೆರಿಕದ ಒಬ್ಬ ಸೆನೆಟರಿಗೆ 45ನೆಯ ವಯಸ್ಸಿನಲ್ಲಿ ಇಂಥ ಉಬ್ಬು ಒಡೆಯಿತು. ಅವರು ಕಥೋಲಿಕರು. ಅಂತಿಮ ಸಂಸ್ಕಾರ ಕೊಡಲು ಗುರುಗಳು ಸಿದ್ಧರಾಗಿದ್ದರು. ಆಪರೇಷನ್ ಆಯಿತು. ಕೆಲವೇ ತಿಂಗಳಲ್ಲಿ ತಲೆಯ ಇನ್ನೊಂದು ಬದಿಯಲ್ಲಿದ್ದ ಎರಡನೆಯ ಉಬ್ಬಿಗೂ ಆಪರೇಷನ್ ಆಯಿತು. ಏಳು ತಿಂಗಳ ನಂತರ ಅವರು ಕೆಲಸಕ್ಕೆ ಮರಳಿದರು. 2021ರಿಂದ 2025ರವರೆಗೆ ಆ ದೇಶದ ಅಧ್ಯಕ್ಷರಾಗಿದ್ದ ಜೋ ಬೈಡನ್ ಅವರೇ ಆ ಸೆನೆಟರ್.

ದಕ್ಷಿಣದಲ್ಲಿರುವ ನಮಗೆ ಈ ಚಿಕಿತ್ಸೆ ದೂರದ ಮಾತಲ್ಲ. ಭಾರತದ ಮೊದಲ ಮಿದುಳು ಶಸ್ತ್ರಚಿಕಿತ್ಸಾ ವಿಭಾಗವನ್ನು ಡಾ. ಜೇಕಬ್ ಚಾಂಡಿಯವರು 1949ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಆರಂಭಿಸಿದರು. ಬೆಂಗಳೂರಿನ ನಿಮ್ಹಾನ್ಸ್ 1974ರಿಂದ ಆ ಹೆಸರಿನಲ್ಲಿ ನಡೆಯುತ್ತಿದೆ.

ಒಡೆಯದ ಉಬ್ಬು ಕಂಡರೆ?

ಬೇರೆ ಯಾವುದೋ ಕಾರಣಕ್ಕೆ ಸ್ಕ್ಯಾನ್ ಮಾಡಿಸಿದಾಗ ಉಬ್ಬು ಇದೆ ಎಂದು ತಿಳಿಯುವುದುಂಟು. ಆಗ ಮನೆಯವರೆಲ್ಲ ಕಂಗಾಲಾಗುತ್ತಾರೆ. ಎಲ್ಲ ಉಬ್ಬಿಗೂ ಆಪರೇಷನ್ ಬೇಕಿಲ್ಲ. ಆಪರೇಷನ್ನಿಗೂ ಅದರದೇ ಅಪಾಯವಿದೆ. 7 ಮಿಲಿಮೀಟರಿಗಿಂತ ಚಿಕ್ಕದಾದ ಉಬ್ಬುಗಳಲ್ಲಿ ಹೆಚ್ಚಿನವು ಒಡೆಯುವ ಸಂಭವ ವರ್ಷಕ್ಕೆ ನೂರಕ್ಕೆ ಒಂದಕ್ಕಿಂತ ಕಡಿಮೆ. ಉಬ್ಬಿನ ಗಾತ್ರ, ಜಾಗ, ಆಕಾರ, ರೋಗಿಯ ವಯಸ್ಸು, ಮನೆತನದ ಇತಿಹಾಸ ಇವನ್ನೆಲ್ಲ ತೂಗಿ ನೋಡಿ, ಮುಚ್ಚಬೇಕೋ ಅಥವಾ ಆಗಾಗ ಸ್ಕ್ಯಾನ್ ಮಾಡಿಸುತ್ತಾ ಕಾಯಬೇಕೋ ಎಂದು ವೈದ್ಯರು ಹೇಳುತ್ತಾರೆ. ಕಾಯಿರಿ ಎಂದರೆ ಕೈಬಿಟ್ಟರು ಎಂದು ಅರ್ಥವಲ್ಲ. ಸಾಧ್ಯವಾದರೆ ಇನ್ನೊಬ್ಬ ತಜ್ಞರ ಅಭಿಪ್ರಾಯವನ್ನೂ ಕೇಳಿ.

ವೈದ್ಯರಿಗೆ ಕೇಳಬೇಕಾದ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ: ಉಬ್ಬು ಎಷ್ಟು ದೊಡ್ಡದು? ಬಿಟ್ಟರೆ ಏನು ಅಪಾಯ, ಮುಚ್ಚಿದರೆ ಏನು ಅಪಾಯ? ಮುಂದಿನ ಸ್ಕ್ಯಾನ್ ಯಾವಾಗ? ಯಾವ ಕೆಲಸ ಮಾಡಬಹುದು, ಯಾವುದನ್ನು ಬಿಡಬೇಕು?

ಕಾಯುವ ಕಾಲದಲ್ಲಿ ಎರಡು ಕೆಲಸ ನಮ್ಮ ಕೈಯಲ್ಲಿವೆ. ಬೀಡಿ ಬಿಡುವುದು ಒಂದು, ಬಿ.ಪಿ. ಹತೋಟಿಯಲ್ಲಿಡುವುದು ಇನ್ನೊಂದು. ಉಪ್ಪಿನಕಾಯಿ, ಒಣಮೀನು, ಹಪ್ಪಳ ಕಡಿಮೆ ಮಾಡಿ. ತಮಿಳುನಾಡು ಸರ್ಕಾರ 2021ರಲ್ಲಿ ಆರಂಭಿಸಿದ "ಮಕ್ಕಳೈ ತೇಡಿ ಮರುತ್ತುವಂ" ಯೋಜನೆಯಲ್ಲಿ ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಮನೆಬಾಗಿಲಿಗೆ ತಂದುಕೊಡುತ್ತಾರೆ. ಹೆಸರು ಬರೆಸದವರು ಬರೆಸಿಕೊಳ್ಳಿ. "ಈಗ ಸರಿಯಾಗಿದೆ" ಎಂದು ಮಾತ್ರೆ ನಿಲ್ಲಿಸಬೇಡಿ, ಸರಿಯಾಗಿರುವುದೇ ಮಾತ್ರೆಯಿಂದ.

ಮನೆಗೆ ಬಂದ ಮೇಲೆ

ಚಿಕಿತ್ಸೆಯಾಗಿ ಬಂದವರು ಹೊರಗಿನಿಂದ ನೋಡಿದರೆ ಮೊದಲಿನಂತೆಯೇ ಕಾಣಬಹುದು. ಆದರೆ ತಿಂಗಳುಗಟ್ಟಲೆ ಬೇಗ ದಣಿಯುತ್ತಾರೆ. ಮರೆವು, ನಿದ್ದೆಗೇಡು, ಸಣ್ಣ ಮಾತಿಗೂ ಸಿಟ್ಟು ಅಥವಾ ಅಳು, ಗದ್ದಲ ಸಹಿಸಲಾರದಿರುವುದು, ಮತ್ತೆ ಒಡೆದೀತೆಂಬ ಹೆದರಿಕೆ ಇವೆಲ್ಲ ಸಾಮಾನ್ಯ. ಇದು ಸೋಮಾರಿತನವಲ್ಲ, ನಟನೆಯಲ್ಲ. ಗಾಯವಾದ ಮಿದುಳು ಮಾಗುತ್ತಿದೆ. ನಾನು ಹೇಳಿದ ಆ ತಾಯಿ ಒಂದು ದಿನ, "ಫಾದರ್, ಕೈ ಹೋದದ್ದಕ್ಕಿಂತ, ಸೊಸೆ ಹೇಳಿದ್ದು ಮರೆತು ಹೋಗುತ್ತದಲ್ಲ, ಅದೇ ಹೆಚ್ಚು ಸಂಕಟ" ಎಂದರು. ಈಗ ಅವರ ಸೊಸೆ ಗೋಡೆಯ ಕ್ಯಾಲೆಂಡರಿನಲ್ಲಿ ಎಲ್ಲವನ್ನೂ ಬರೆದಿಡುತ್ತಾರೆ. ಕೋಳಿಗೂಡು ಮತ್ತು ಸೊಪ್ಪಿನ ಮಡಿಯ ಉಸ್ತುವಾರಿ ಅತ್ತೆಯದು. ಮನೆಯಲ್ಲಿ ತನಗೊಂದು ಕೆಲಸವಿದೆ ಎಂಬುದು ದೊಡ್ಡ ಔಷಧಿ.

ಕೆಲಸಕ್ಕೆ ಮೆಲ್ಲಮೆಲ್ಲನೆ ಮರಳಬೇಕು. ಮೂಟೆ ಹೊರುವುದು, ಮರ ಹತ್ತುವುದು, ಟ್ರ್ಯಾಕ್ಟರ್ ಓಡಿಸುವುದು ವೈದ್ಯರು ಹೇಳಿದ ಮೇಲೆಯೇ. ಫಿಟ್ಸ್ ಬಂದವರು ಒಬ್ಬರೇ ಬಾವಿ, ಕೆರೆ, ಬೆಂಕಿಯ ಬಳಿ ಕೆಲಸ ಮಾಡಬಾರದು. ಮಲಬದ್ಧತೆಯಾಗದಂತೆ ಸೊಪ್ಪು, ರಾಗಿ, ಹಣ್ಣು ತಿನ್ನಿ, ಮುಕ್ಕುವುದು ಒಳ್ಳೆಯದಲ್ಲ. ಕೈಕಾಲಿನ ವ್ಯಾಯಾಮವನ್ನು ದಿನವೂ ಮಾಡಿಸಿ, ಮೊದಲ ತಿಂಗಳುಗಳಲ್ಲಿ ಬರುವ ಗುಣವೇ ಹೆಚ್ಚು. ಕ್ಲಿಪ್ ಅಥವಾ ಸುರುಳಿಯ ವಿವರವಿರುವ ಚೀಟಿಯನ್ನು ರೇಷನ್ ಕಾರ್ಡಿನಷ್ಟೇ ಜೋಪಾನವಾಗಿಡಿ. ಮುಂದೆ ಎಂ.ಆರ್.ಐ. ಸ್ಕ್ಯಾನ್ ಮಾಡುವಾಗ ಅದನ್ನು ತೋರಿಸಲೇಬೇಕು.

ಖರ್ಚಿನ ಮಾತು

ಹಸು ಮಾರಬೇಕೇ, ಹೊಲ ಅಡವಿಡಬೇಕೇ ಎಂಬ ಯೋಚನೆಯೇ ಅನೇಕರನ್ನು ತಡೆಯುತ್ತದೆ. ತಮಿಳುನಾಡಿನ ಮುಖ್ಯಮಂತ್ರಿಗಳ ಸಮಗ್ರ ಆರೋಗ್ಯ ವಿಮಾ ಯೋಜನೆಯಲ್ಲಿ ಅರ್ಹ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ರಕ್ಷಣೆ ಇದೆ. ಕಾರ್ಡು ಮಾಡಿಸಲು ಆದಾಯದ ಪ್ರಮಾಣಪತ್ರ ಮತ್ತು ರೇಷನ್ ಕಾರ್ಡು ಬೇಕು. ಕಾಯಿಲೆ ಬಂದ ರಾತ್ರಿ ಇದನ್ನು ಹುಡುಕುವುದು ಕಷ್ಟ. ಆರೋಗ್ಯವಾಗಿರುವಾಗಲೇ ಮಾಡಿಸಿಡಿ. ಯಾವ ಆಸ್ಪತ್ರೆಯಲ್ಲಿ, ಯಾವ ಚಿಕಿತ್ಸೆಗೆ ಕಾರ್ಡು ನಡೆಯುತ್ತದೆ ಎಂಬುದನ್ನು ಆಸ್ಪತ್ರೆಯ ವಿಮಾ ಕೌಂಟರಿನಲ್ಲಿ ಮೊದಲೇ ಕೇಳಿ. ಮೈಸೂರು ಕಡೆಗೆ ಹೋಗುವವರು ಇದನ್ನು ವಿಶೇಷವಾಗಿ ವಿಚಾರಿಸಿಕೊಳ್ಳಬೇಕು. ಆದರೆ ಕಾರ್ಡು ಸಿಗಲಿಲ್ಲವೆಂದು ರೋಗಿಯನ್ನು ತಡೆದು ನಿಲ್ಲಿಸಬೇಡಿ. ಕಾರ್ಡನ್ನು ಹಿಂದಿನಿಂದ ತರಬಹುದು.

ಈ ವಾರ ಮನೆಯಲ್ಲಿ ಮಾತಾಡಿಕೊಳ್ಳಲು

1. ನಮ್ಮ ಮನೆಯಲ್ಲಿ ಬಿ.ಪಿ. ನೋಡಿಸದೆ ಒಂದು ವರ್ಷ ದಾಟಿದವರು ಯಾರು?
2. ಯಾರಾದರೂ ಹಠಾತ್ತಾಗಿ, ಲಕ್ವ ಹೊಡೆದೋ ತಲೆನೋವಿನಿಂದಲೋ, ತೀರಿಕೊಂಡ ಸಂಬಂಧಿಕರು ಇದ್ದಾರೆಯೇ?
3. ನಡುರಾತ್ರಿಯಲ್ಲಿ ಹೊರಡಬೇಕಾದರೆ ಯಾರ ಜೀಪು, ಯಾರ ಫೋನ್ ನಂಬರ್? ಅದು ಗೋಡೆಯ ಮೇಲೆ ಬರೆದಿದೆಯೇ?
4. ವಿಮಾ ಕಾರ್ಡು ಎಲ್ಲಿದೆ?

ಧರ್ಮಕೇಂದ್ರದ ಜೀಪಿನ ಕೀಲಿ ಈಗ ರಾತ್ರಿಯೂ ಬಾಗಿಲ ಪಕ್ಕದ ಮೊಳೆಗೆ ನೇತಾಡುತ್ತಿರುತ್ತದೆ. ಬಂದು ಬಾಗಿಲು ಬಡಿಯಿರಿ. ಸುಮ್ಮನೆ ಹೋಗಿ ಬರೀ ಬಿಸಿಲಿನ ತಲೆನೋವು ಎಂದು ತಿಳಿದು ವಾಪಸ್ಸು ಬಂದರೆ ನಷ್ಟವಾಗುವುದು ಒಂದಿಷ್ಟು ಡೀಸೆಲ್ ಮತ್ತು ಒಂದು ರಾತ್ರಿಯ ನಿದ್ದೆ ಮಾತ್ರ. ಇನ್ನು ಮುಂದೆ ಯಾರಿಗೂ "ಬೆಳಿಗ್ಗೆ ನೋಡೋಣ" ಎಂದು ನಾನು ಹೇಳುವುದಿಲ್ಲ. ನೀವೂ ಹೇಳಬೇಡಿ.